78 ಕಾರ್ಡ್, ಒಂದೇ ನೂಲು: ನಿಮ್ಮದೇ ಟ್ಯಾರೋ ಡೆಕ್ ಚಿತ್ರಿಸುವ ಸಮಗ್ರ ಮಾರ್ಗದರ್ಶಿ

ಟ್ಯಾರೋ ಡೆಕ್, ಅಂದರೆ ಭವಿಷ್ಯ ನೋಡಲು ಬಳಸುವ 78 ಚಿತ್ರದ ಕಾರ್ಡುಗಳ ಕಟ್ಟು, ಚಿತ್ರಿಸಲು ಹೊರಟವರಲ್ಲಿ ತುಂಬಾ ಜನ ಮೊದಲ ಕಾರ್ಡಾದ ಫೂಲ್‌ನಿಂದ ಶುರು ಮಾಡುತ್ತಾರೆ. ಅದು ಚೆಂದವಾಗಿ ಬರುತ್ತದೆ. ಆಮೇಲೆ ಮ್ಯಾಜಿಶಿಯನ್, ಹೈ ಪ್ರೀಸ್ಟೆಸ್, ಎಂಪ್ರೆಸ್. ಸಿಕ್ಸ್ ಆಫ್ ವಾಂಡ್ಸ್ ಹತ್ತಿರ ಬರುವ ಹೊತ್ತಿಗೆ ಏನು ಬಿಡಿಸಬೇಕು ಅಂತಲೇ ತೋಚುವುದಿಲ್ಲ. ಡೆಕ್ ಅಲ್ಲಿಗೆ ನಿಂತುಹೋಗುತ್ತದೆ.

ಕೈಯಲ್ಲಿ ಕಲೆ ಇಲ್ಲ ಅಂತ ನಿಲ್ಲುವುದು ಅಪರೂಪ. ಪ್ರತಿ ಕಾರ್ಡನ್ನೂ ಬೇರೆ ಬೇರೆ ಚಿತ್ರ ಅಂದುಕೊಂಡು ಕೂತಿದ್ದರಿಂದಲೇ ನಿಲ್ಲುತ್ತದೆ. ಟ್ಯಾರೋ ಕಾರ್ಡ್ ಗೋಡೆಗೆ ನೇತುಹಾಕುವ ಚಿತ್ರ ಅಲ್ವಲ್ಲ. ಮೇಜಿನ ಮೇಲೆ ಮೂರೋ ಹತ್ತೋ ಒಟ್ಟಿಗೆ ಬೀಳುತ್ತವೆ. ಪಕ್ಕದ ಕಾರ್ಡಿನ ಜೊತೆ ಸೇರಿ ಅವು ಅರ್ಥ ಕೊಡಬೇಕು. ಹಾಗಾಗಿ ಮೊದಲು ಕಟ್ಟಬೇಕಾದದ್ದು 78 ಕಾರ್ಡಿಗೂ ಹಾಸುಹೊಕ್ಕಾಗುವ ಒಂದು ಸಂಕೇತಗಳ ವ್ಯವಸ್ಥೆ. ಚಿತ್ರ ಆಮೇಲೆ.

ಹಂತ 1: ಹಳೆಯ ಡೆಕ್‌ಗಳ ಮೈಕಟ್ಟು ನೋಡಿ

ಡೆಕ್‌ನಲ್ಲಿ 22 ಮೇಜರ್ ಅರ್ಕಾನಾ ಕಾರ್ಡುಗಳು, 56 ಮೈನರ್ ಅರ್ಕಾನಾ ಕಾರ್ಡುಗಳು. ಮೈನರ್‌ನಲ್ಲಿ ವಾಂಡ್ಸ್ (ಕೋಲು), ಕಪ್ಸ್ (ಬಟ್ಟಲು), ಸ್ವೋರ್ಡ್ಸ್ (ಕತ್ತಿ), ಪೆಂಟಕಲ್ಸ್ (ನಾಣ್ಯ) ಅಂತ ನಾಲ್ಕು ಸೂಟ್, ಅಂದರೆ ಪಂಗಡ. ಪ್ರತಿ ಸೂಟ್‌ನಲ್ಲೂ ಏಸ್‌ನಿಂದ ಹತ್ತರವರೆಗೆ ಸಂಖ್ಯೆಯ ಕಾರ್ಡುಗಳು, ಜೊತೆಗೆ ಪೇಜ್, ನೈಟ್, ಕ್ವೀನ್, ಕಿಂಗ್ ಅನ್ನುವ ಕೋರ್ಟ್ ಕಾರ್ಡುಗಳು. ಇಷ್ಟು ನಿಮಗೆ ಗೊತ್ತಿರುತ್ತದೆ.

ಇದು ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಇಸ್ಪೀಟಿನ ಒಂದು ಆಟವಾಗಿ. ಭವಿಷ್ಯ ನೋಡುವುದು ಜೋರಾಗಿ ಅಂಟಿಕೊಂಡಿದ್ದು 18ನೇ ಶತಮಾನದಲ್ಲಿ, ಫ್ರಾನ್ಸ್‌ನಲ್ಲಿ. ಚಿತ್ರಕಾರರಿಗೆ ಮುಖ್ಯವಾದ ತಿರುವು 1909ರದ್ದು. ಲಂಡನ್ನಿನಲ್ಲಿ ಆರ್ಥರ್ ಎಡ್ವರ್ಡ್ ವೇಟ್ ರೂಪಿಸಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರಿಸಿದ ಡೆಕ್ ಬಂತು. ಅದಕ್ಕೆ ಮುಂಚೆ ಫ್ರಾನ್ಸ್‌ನ ಹಳೆಯ ಮಾರ್ಸೇ ಶೈಲಿಯ ಡೆಕ್‌ಗಳಲ್ಲಿ ಫೈವ್ ಆಫ್ ಕಪ್ಸ್ ಅಂದರೆ ಸುಮ್ನೆ ಐದು ಬಟ್ಟಲು, ಒಂದಿಷ್ಟು ಬಳ್ಳಿ. ಸ್ಮಿತ್ ಅಲ್ಲಿ ಒಂದು ಕಥೆಯನ್ನೇ ಇಟ್ಟರು. ಇದು ಪೂರ್ತಿ ಹೊಸದೇನೂ ಅಲ್ಲ. 15ನೇ ಶತಮಾನದ ಕೊನೆಯ ಸೋಲಾ ಬುಸ್ಕಾ ಡೆಕ್‌ನಲ್ಲಿ ಸಂಖ್ಯೆಯ ಕಾರ್ಡಿಗೂ ದೃಶ್ಯಗಳಿದ್ದವು. ಹೃದಯಕ್ಕೆ ಮೂರು ಕತ್ತಿ ಚುಚ್ಚಿದ ಪ್ರಸಿದ್ಧ ಚಿತ್ರ ಅಲ್ಲಿಂದಲೇ ಬಂದದ್ದು.

ಸ್ಮಿತ್ ಅವರ ಡೆಕ್ ಮುಂದಿಟ್ಟುಕೊಂಡು ಒಂದು ಕೆಲಸ ಮಾಡಿ. ಅರ್ಥಗಳನ್ನು ಮರೆತುಬಿಡಿ. ಯಾವ ವಸ್ತು ಎಲ್ಲೆಲ್ಲಿ ಮತ್ತೆ ಬರುತ್ತದೆ ಅಂತಷ್ಟೇ ಹುಡುಕಿ. ಫೂಲ್ ಕೈಯಲ್ಲಿರುವ ಬಿಳಿ ಗುಲಾಬಿ ಡೆತ್ ಕಾರ್ಡಿನ ಬಾವುಟದಲ್ಲಿ ಇದೆ. ಡೆತ್ ಕಾರ್ಡಿನ ದೂರದಲ್ಲಿ ಕಾಣುವ ಎರಡು ಗೋಪುರ ಮೂನ್ ಕಾರ್ಡಿನಲ್ಲಿ ಹತ್ತಿರಕ್ಕೆ ಬಂದಿವೆ. ಮಲಗಿಸಿದ ಎಂಟರ ಆಕಾರ ಮ್ಯಾಜಿಶಿಯನ್ ತಲೆಯ ಮೇಲಿದೆ, ಸ್ಟ್ರೆಂತ್ ತಲೆಯ ಮೇಲಿದೆ, ಟೂ ಆಫ್ ಪೆಂಟಕಲ್ಸ್‌ನಲ್ಲಿ ನಾಣ್ಯಗಳನ್ನು ಸುತ್ತಿದ ದಾರವಾಗಿದೆ. ಡೆತ್ ಮತ್ತು ಮೂನ್ ಒಟ್ಟಿಗೆ ಬಿದ್ದರೆ ಓದುವವರ ಕಣ್ಣು ತಾನಾಗಿ ಆ ಗೋಪುರಗಳಿಗೆ ಹೋಗುತ್ತದೆ. ನಿಮ್ಮ ಡೆಕ್‌ನಲ್ಲಿ ಆಗಬೇಕಾದದ್ದು ಇದೇ.

ಇನ್ನೊಂದು ವಿಷಯ. ಸ್ಮಿತ್ ರಂಗಭೂಮಿಯಲ್ಲಿ ದುಡಿದವರು. ಎಷ್ಟೋ ಕಾರ್ಡುಗಳಲ್ಲಿ ಪಾತ್ರದ ಹಿಂದೆ ಒಂದು ಅಡ್ಡ ಗೆರೆ ಇರುತ್ತದೆ. ಮುಂದೆ ವೇದಿಕೆ, ಹಿಂದೆ ಪರದೆ ಇದ್ದ ಹಾಗೆ. ಭಾವ ಬರುವುದು ಮುಖದಿಂದ ಅಲ್ಲ, ಮೈಯ ಭಂಗಿಯಿಂದ. 12 ಸೆಂಟಿಮೀಟರ್ ಎತ್ತರದ ಕಾರ್ಡಿನಲ್ಲಿ ಮುಖ ಎಷ್ಟು ಮಹಾ ಕಾಣುತ್ತದೆ ಹೇಳಿ.

ಹಂತ 2: ಕೆಲಸ ಮಾಡುವ ಥೀಮ್ ಆರಿಸಿ

'ಬೆಕ್ಕುಗಳು', 'ಅಣಬೆಗಳು', 'ಬಾಹ್ಯಾಕಾಶ'. ಇವು ಅಲಂಕಾರ, ಇನ್ನೂ ಥೀಮ್ ಅಲ್ಲ. ಒಂದು ಒಳ್ಳೆಯ ಥೀಮ್‌ಗೆ ತನ್ನದೇ ಕ್ರಿಯೆಗಳಿರಬೇಕು. ಅಲ್ಲಿ ಏನೋ ಹುಟ್ಟಬೇಕು, ಬೆಳೆಯಬೇಕು, ಕೆಡಬೇಕು, ಮುರಿಯಬೇಕು, ಮತ್ತೆ ಸರಿಯಾಗಬೇಕು. ಬೆಕ್ಕನ್ನು ಬಿಡಬೇಕು ಅಂತಲ್ಲ. ಬೆಕ್ಕಿಗೆ ಕಿರೀಟ ಇಟ್ಟು ಎಂಪರರ್ ಅಂದುಬಿಟ್ಟರೆ ಆ ಚಿತ್ರದಲ್ಲಿ ನಿಮ್ಮ ಯೋಚನೆ ಏನಿದೆ ಅಂತ ಕೇಳಿಕೊಳ್ಳಿ.

ಪರೀಕ್ಷೆ ಸುಲಭ. ಥೀಮ್ ಬರೆದುಕೊಂಡು ನಾಲ್ಕು ಸೂಟ್‌ಗೆ ನಾಲ್ಕು ವಸ್ತು ಹುಡುಕಿ. ಸಾಮಾನ್ಯವಾಗಿ ವಾಂಡ್ಸ್ ಅಂದರೆ ಬೆಂಕಿ, ಹುಮ್ಮಸ್ಸು, ಕೆಲಸಕ್ಕೆ ಕೈ ಹಾಕುವುದು. ಕಪ್ಸ್ ಅಂದರೆ ನೀರು, ಭಾವನೆ. ಸ್ವೋರ್ಡ್ಸ್ ಅಂದರೆ ಗಾಳಿ, ಬುದ್ಧಿ, ಜಗಳ, ತೀರ್ಮಾನ. ಪೆಂಟಕಲ್ಸ್ ಅಂದರೆ ನೆಲ, ಹಣ, ದೇಹ. ನಾಲ್ಕಕ್ಕೂ ಒದ್ದಾಡದೆ ವಸ್ತು ಸಿಕ್ಕರೆ ಥೀಮ್ ಗಟ್ಟಿ. ಎರಡಕ್ಕೆ ಸಿಕ್ಕಿ ಉಳಿದೆರಡಕ್ಕೆ ಎಳೆದಾಡಬೇಕಾದರೆ ಥೀಮ್ ಬದಲಾಯಿಸಿ. ಈಗಲೇ ಬದಲಾಯಿಸುವುದು ಸುಲಭ.

ಈ ಬರಹದ ಉದ್ದಕ್ಕೂ ಉದಾಹರಣೆಗೆ ಅಂತ ನೂಲು ಮತ್ತು ನೇಯ್ಗೆಯನ್ನು ಇಟ್ಟುಕೊಳ್ಳೋಣ. ವಾಂಡ್ಸ್‌ಗೆ ಕದಿರು: ತಿರುಗುವ ಕಡ್ಡಿ, ಕೆಲಸ ಶುರುವಾಗುವ ಜಾಗ. ಕಪ್ಸ್‌ಗೆ ಬಣ್ಣದ ಬಾನಿ: ಅದ್ದಿದ್ದೆಲ್ಲ ಒಳಗಿನ ರಂಗು ಹಿಡಿಯುತ್ತದೆ. ಸ್ವೋರ್ಡ್ಸ್‌ಗೆ ಕತ್ತರಿ. ಪೆಂಟಕಲ್ಸ್‌ಗೆ ಗುಂಡಿ: ದುಂಡಗಿದೆ, ಎಣಿಸಬಹುದು, ನಾಣ್ಯದ ಆಕಾರಕ್ಕೂ ಹತ್ತಿರ. ಎಣಿಸಲು ಬರುವುದು ಮುಖ್ಯ. ನೈನ್ ಆಫ್ ಪೆಂಟಕಲ್ಸ್‌ನಲ್ಲಿ ಒಂಬತ್ತು ಒಂದೇ ನೋಟಕ್ಕೆ ಕಾಣಬೇಕು. 'ಬಟ್ಟೆ' ಅಂತ ಆರಿಸಿದ್ದರೆ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದೆವು.

ಹಂತ 3: ಸಂಕೇತಗಳ ಪಟ್ಟಿ

ಇಡೀ ಕೆಲಸದ ಬೆನ್ನುಮೂಳೆ ಇದು. ಒಂದು ನೋಟ್‌ಬುಕ್‌ನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ವಸ್ತು. ಎರಡನೆಯದರಲ್ಲಿ ಆ ವಸ್ತು ನಿಮ್ಮ ಡೆಕ್‌ನಲ್ಲಿ ಏನು ಹೇಳುತ್ತದೆ. ಮೂರನೆಯದರಲ್ಲಿ ಯಾವ ಯಾವ ಕಾರ್ಡಿನಲ್ಲಿ ಬರುತ್ತದೆ. ಮೂರನೇ ಕಾಲಂನಲ್ಲಿ ಒಂದೇ ಹೆಸರಿದ್ದರೆ ಆ ವಸ್ತು ಬೇಕಾ ಅಂತ ಯೋಚಿಸಿ. ಇಪ್ಪತ್ತು, ಇಪ್ಪತ್ತೈದು ವಸ್ತು ಸಾಕು. ಜಾಸ್ತಿ ಆದರೆ ಯಾವುದೂ ನೆನಪಿರುವುದಿಲ್ಲ, ನಿಮಗೂ, ಓದುವವರಿಗೂ.

ನಮ್ಮ ನೂಲಿನ ಡೆಕ್‌ನಲ್ಲಿ ಮೇಜರ್ ಕಾರ್ಡುಗಳು ಹೇಗೆ ತೆರೆದುಕೊಳ್ಳುತ್ತವೆ ನೋಡಿ. ಫೂಲ್ ಕೈಯಲ್ಲಿ ಬರೀ ಅರಳೆ, ಇನ್ನೂ ನೂಲಾಗಿಲ್ಲ. ಗಾಳಿ ಬೀಸಿದ ಕಡೆ ಹಾರುತ್ತದೆ. ವೀಲ್ ಆಫ್ ಫಾರ್ಚೂನ್‌ಗೆ ರಾಟೆ, ಅದನ್ನು ಹುಡುಕಬೇಕಾಗಿಯೇ ಇಲ್ಲ. ಟೆಂಪರೆನ್ಸ್‌ಗೆ ಎರಡು ಬಾನಿಗಳ ಬಣ್ಣ ಬೆರೆಸುವವರು. ಹ್ಯಾಂಗ್ಡ್ ಮ್ಯಾನ್ ಕಾರ್ಡಿಗೆ ನೂಲಿನ ತುದಿಯಲ್ಲಿ ತೂಗಾಡುವ ಕದಿರು. ಅದು ನೇತಾಡುತ್ತಿದ್ದರೇ ನೂಲು ಹುರಿಗೊಳ್ಳುವುದು. ಹೊರಗಿನಿಂದ ನೋಡಿದರೆ ಸುಮ್ನೆ ತೂಗುತ್ತಿದೆ, ಒಳಗೆ ಕೆಲಸ ನಡೆದಿದೆ. ಈ ಕಾರ್ಡಿನ ಹಳೆಯ ಅರ್ಥಕ್ಕೂ ಇದು ಸರಿಯಾಗಿ ಕೂರುತ್ತದೆ.

ಡೆತ್ ಕಾರ್ಡಿಗೆ ಅಸ್ಥಿಪಂಜರ ಬೇಡ. ನೇಯ್ದು ಮುಗಿದ ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸುವ ಕೈ ಇರಲಿ. ಕತ್ತರಿಸದೆ ಆ ಬಟ್ಟೆಯನ್ನು ಯಾರೂ ತೊಡಲಾರರು. ಆದರೆ ಇಲ್ಲಿ ಒಂದು ತೊಡಕಿದೆ. ಕತ್ತರಿಯನ್ನು ಸ್ವೋರ್ಡ್ಸ್‌ಗೆ ಕೊಟ್ಟಾಗಿದೆ. ಡೆತ್ ಕಾರ್ಡಿನಲ್ಲಿ ಅದೇ ಕತ್ತರಿ ಬಂದರೆ ಆ ಕಾರ್ಡ್ ಸ್ವೋರ್ಡ್ಸ್ ಜೊತೆ ನಂಟು ಬೆಳೆಸುತ್ತದೆ. ನಿಮಗೆ ಆ ನಂಟು ಬೇಕಿದ್ದರೆ ಇಡಿ. ಬೇಡವಾದರೆ ಬಾಗಿದ ಕುಡುಗೋಲಿನಂಥ ಬೇರೆ ಅಲಗು ಕೊಡಿ. ಹಳೆಯ ಡೆಕ್‌ಗಳಲ್ಲೂ ಜಸ್ಟಿಸ್ ಕೈಯಲ್ಲಿ ಕತ್ತಿ ಇದೆ. ಮ್ಯಾಜಿಶಿಯನ್ ಮೇಜಿನ ಮೇಲಂತೂ ನಾಲ್ಕೂ ಸೂಟ್‌ಗಳ ವಸ್ತು ಇವೆ. ಸೂಟ್‌ನ ವಸ್ತು ಮೇಜರ್ ಕಾರ್ಡಿಗೆ ಬರುವುದು ತಪ್ಪಲ್ಲ. ಗೊತ್ತಿಲ್ಲದೆ ಬರಬಾರದು ಅಷ್ಟೇ.

ಬಣ್ಣಕ್ಕೂ ಇದೇ ರೀತಿ ಒಂದು ಪಟ್ಟಿ ಮಾಡಿ. ಐದಾರು ಮುಖ್ಯ ಬಣ್ಣ, ಪ್ರತಿಯೊಂದಕ್ಕೂ ಒಂದು ಕೆಲಸ. ಉದಾಹರಣೆಗೆ, ಕೆಂಪು ನೂಲು ಎಲ್ಲಿ ಕಂಡರೂ ಅದು ಆ ಪಾತ್ರಕ್ಕೆ ಬಿಡಲಾಗದ ವಸ್ತು ಅಂತ ಇಟ್ಟುಕೊಂಡರೆ, ಮುಂದೆ ಚಂದ ಕಾಣುತ್ತದೆ ಅಂತ ಕೆಂಪು ಸೂರ್ಯ ಬಿಡಿಸುವ ಹಾಗಿಲ್ಲ.

ಬೇರೆ ಸಮುದಾಯದ ಪೂಜೆಯ ಚಿಹ್ನೆ, ಮೈಮೇಲಿನ ಹಚ್ಚೆ, ದೇವತೆಯ ರೂಪ ಬಳಸುವ ಯೋಚನೆ ಇದ್ದರೆ ಅದು ಅವರಿಗೆ ಏನು ಅಂತ ಮೊದಲು ತಿಳಿದುಕೊಳ್ಳಿ. ನೋಡಲು ನಿಗೂಢವಾಗಿದೆ ಅನ್ನುವುದು ಸಾಕಾಗುವ ಕಾರಣ ಅಲ್ಲ.

ಹಂತ 4: ಮೈನರ್ ಕಾರ್ಡುಗಳನ್ನು ಸಂಖ್ಯೆಯಿಂದ ಕಟ್ಟಿ

ನಲವತ್ತು ಸಂಖ್ಯೆಯ ಕಾರ್ಡುಗಳಿಗೆ ನಲವತ್ತು ಬಿಡಿ ಕಥೆ ಹುಡುಕಬೇಡಿ. ಪ್ರತಿ ಸಂಖ್ಯೆಗೆ ಒಂದು ಸ್ವಭಾವ ಕೊಡಿ. ಒಂದು ಅಂದರೆ ಬೀಜ. ಎರಡು ಅಂದರೆ ಎದುರುಬದುರು. ಮೂರು ಅಂದರೆ ಮೊದಲ ಫಲ. ನಾಲ್ಕು ಅಂದರೆ ನಿಲುಗಡೆ. ಐದು ಅಂದರೆ ಅಲುಗಾಟ. ಹತ್ತು ಅಂದರೆ ತುಂಬಿ ತುಳುಕಿದ್ದು. ನಡುವಿನವನ್ನು ನೀವೇ ತುಂಬಿ. ಎಲ್ಲ ಡೆಕ್‌ನಲ್ಲೂ ಒಂದೇ ಇರಬೇಕು ಅಂತೇನಿಲ್ಲ. ಸ್ವಭಾವ ಮತ್ತು ಸೂಟ್ ಸೇರಿದರೆ ಕಾರ್ಡ್ ಹುಟ್ಟುತ್ತದೆ: ಕಪ್ಸ್‌ನ ಅಲುಗಾಟ, ಪೆಂಟಕಲ್ಸ್‌ನ ಅಲುಗಾಟ.

ಫೈವ್ ಆಫ್ ಕಪ್ಸ್ ತೆಗೆದುಕೊಳ್ಳೋಣ. ಸ್ಮಿತ್ ಚಿತ್ರದಲ್ಲಿ ಕಪ್ಪು ನಿಲುವಂಗಿಯ ವ್ಯಕ್ತಿ, ಮುಂದೆ ಉರುಳಿದ ಮೂರು ಬಟ್ಟಲು, ಬೆನ್ನ ಹಿಂದೆ ನೆಟ್ಟಗೆ ನಿಂತ ಎರಡು. ಬಟ್ಟಲಿನ ಜಾಗದಲ್ಲಿ ಬಾನಿ ಇಟ್ಟು ಮೂರನ್ನು ಉರುಳಿಸಿದರೆ ಅದು ನಕಲು, ವೇಷ ಮಾತ್ರ ಬೇರೆ. ಹಾಗಾದರೆ ಆ ಚಿತ್ರ ಒಳಗೆ ಹೇಗೆ ಕೆಲಸ ಮಾಡುತ್ತದೆ? ಉಳಿದ ಎರಡು ಬಟ್ಟಲು ನೋಡುವ ನಮಗೆ ಕಾಣುತ್ತವೆ, ಚಿತ್ರದ ಒಳಗಿರುವ ವ್ಯಕ್ತಿಗೆ ಕಾಣುವುದಿಲ್ಲ. ಇಡೀ ಕಾರ್ಡ್ ನಿಂತಿರುವುದು ಈ ಅಂತರದ ಮೇಲೆ.

ಇದನ್ನು ಉಳಿಸಿಕೊಂಡು ದೃಶ್ಯ ಹೊಸದು ಮಾಡಿ. ಒಬ್ಬಳು ಹಗ್ಗದ ಮೇಲೆ ಮೂರು ಬಟ್ಟೆ ಒಣಹಾಕಿದ್ದಾಳೆ. ಮೂರರಲ್ಲೂ ಬಣ್ಣ ಮಚ್ಚೆ ಮಚ್ಚೆಯಾಗಿ ಕೂತಿದೆ. ಮೂರರ ಕೆಳಗೂ ಖಾಲಿ ಬಾನಿ. ಅವಳು ಬಟ್ಟೆಯ ಅಂಚು ಹಿಡಿದು ತಲೆ ತಗ್ಗಿಸಿದ್ದಾಳೆ. ಒಣಹಾಕಿದ ಬಟ್ಟೆಯ ಆ ಬದಿಗೆ, ಅವಳಿಗೆ ಮರೆಯಾಗಿ, ಮುಚ್ಚಳ ಹಾಕಿದ ಎರಡು ಬಾನಿ. ಮುಚ್ಚಳದ ಸಂದಿಯಿಂದ ಗಾಢ ನೀಲಿ ಒಂದಿಷ್ಟು ಸೋರಿದೆ. ಈಗ ಇದು ನಿಮ್ಮ ಕಾರ್ಡ್. ಹಳೆಯ ಡೆಕ್ ಓದಿ ಅಭ್ಯಾಸ ಇರುವವರೂ ಇದನ್ನು ಗುರುತು ಹಿಡಿಯುತ್ತಾರೆ.

ಪ್ರತಿ ಕಾರ್ಡಿಗೂ ಇದೇ ಪ್ರಶ್ನೆ ಕೇಳಿ: ಹಳೆಯ ಚಿತ್ರ ಯಾವ ಉಪಾಯದಿಂದ ಅರ್ಥ ಮುಟ್ಟಿಸುತ್ತದೆ? ಕೆಲವು ಕಾರ್ಡುಗಳಲ್ಲಿ ನೋಟದ ದಿಕ್ಕು, ಕೆಲವುಗಳಲ್ಲಿ ಭಾರ, ಇನ್ನು ಕೆಲವುಗಳಲ್ಲಿ ದೂರ. ಉಪಾಯವನ್ನು ಎರವಲು ಪಡೆಯಿರಿ, ವಸ್ತುಗಳನ್ನು ಬಿಡಿ. ಹಳೆಯ ಅರ್ಥ ಒಪ್ಪಿಗೆಯಾಗದಿದ್ದರೆ ಬದಲಾಯಿಸಲೂಬಹುದು. ಆದರೆ ಅದನ್ನು ಡೆಕ್ ಜೊತೆ ಕೊಡುವ ಕೈಪಿಡಿಯಲ್ಲಿ ಹೇಳಿಬಿಡಿ.

ಹಂತ 5: ಹದಿನಾರು ಕೋರ್ಟ್ ಕಾರ್ಡುಗಳು

ನನ್ನ ಪ್ರಕಾರ ಡೆಕ್‌ನ ಅತಿ ಕಷ್ಟದ ಭಾಗ ಇದೇ. ಸಿಂಹಾಸನದ ಮೇಲೆ ಕೂತ ಎಂಟು ಜನ, ಕುದುರೆ ಮೇಲೆ ನಾಲ್ಕು ಜನ. ಯಾರು ಯಾರು ಅಂತ ಗೊತ್ತಾಗಬೇಕಾದರೆ ಕೆಳಗೆ ಬರೆದ ಹೆಸರನ್ನೇ ಓದಬೇಕು.

ಬಟ್ಟೆಬರೆಯಿಂದ ಬೇರೆ ಮಾಡುವ ಬದಲು, ಕೈಯಲ್ಲಿರುವ ವಸ್ತುವಿನ ಜೊತೆ ಅವರ ಒಡನಾಟದಿಂದ ಬೇರೆ ಮಾಡಿ. ಪೇಜ್ ವಸ್ತುವನ್ನು ಬೆರಗಿನಿಂದ ನೋಡುತ್ತಾನೆ. ನೈಟ್ ಅದನ್ನು ಹಿಡಿದು ಓಡುತ್ತಾನೆ. ಕ್ವೀನ್‌ಗೆ ಅದರ ಒಳಗುಟ್ಟು ಗೊತ್ತು, ಮಡಿಲಲ್ಲಿ ಇಟ್ಟುಕೊಂಡಿದ್ದಾಳೆ. ಕಿಂಗ್ ಅದರತ್ತ ನೋಡುವುದೇ ಇಲ್ಲ. ಅವನ ಕಣ್ಣು ಅದರಿಂದ ಆಗಬೇಕಾದ ಕೆಲಸದ ಮೇಲೆ. ಪೇಜ್ ಆಫ್ ಸ್ವೋರ್ಡ್ಸ್ ಕತ್ತರಿಯ ಬಾಯಿ ತೆಗೆದು ಮುಚ್ಚಿ ಆಡುತ್ತಿದ್ದರೆ, ಕಿಂಗ್ ಆಫ್ ಸ್ವೋರ್ಡ್ಸ್ ಕತ್ತರಿ ಕೆಳಗಿಟ್ಟು ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದಾನೆ. ಕತ್ತರಿಸುವವರು ಬೇರೆ ಯಾರೋ. ಗಂಡು, ಹೆಣ್ಣು, ವಯಸ್ಸು, ಹೆಸರು ಎಲ್ಲವನ್ನೂ ನೀವು ಬದಲಿಸಬಹುದು. ಒಡನಾಟದ ಈ ಕ್ರಮ ನಾಲ್ಕೂ ಸೂಟ್‌ನಲ್ಲಿ ಒಂದೇ ಇರಲಿ.

ಹಂತ 6: ಒಂದೇ ಹಾಳೆಯಲ್ಲಿ 78

ದೊಡ್ಡ ಹಾಳೆಯಲ್ಲಿ 13 ಅಡ್ಡ, 6 ಉದ್ದ ಚೌಕ ಎಳೆಯಿರಿ. 78 ಮನೆ ಸಿಗುತ್ತವೆ. ಪ್ರತಿ ಮನೆಯಲ್ಲೂ ಬೆರಳಗಲದ ಕಚ್ಚಾ ಚಿತ್ರ. ಕಡ್ಡಿ ಮನುಷ್ಯರು ಸಾಕು. ಕಣ್ಣು ಮೂಗು ಬಿಡಿಸಲು ಜಾಗವೇ ಇರುವುದಿಲ್ಲ, ಅದೇ ಒಳ್ಳೆಯದು.

ಮುಗಿದ ಮೇಲೆ ದೂರ ನಿಂತು ನೋಡಿ. ನಟ್ಟನಡುವೆ ಒಬ್ಬರೇ ನೆಟ್ಟಗೆ ನಿಂತ ಕಾರ್ಡ್ ಎಷ್ಟಿವೆ? ಸಾಮಾನ್ಯವಾಗಿ ಗಾಬರಿಯಾಗುವಷ್ಟು ಇರುತ್ತವೆ. ಕೆಲವನ್ನು ಕೂರಿಸಿ, ಕೆಲವರ ಬೆನ್ನು ತೋರಿಸಿ, ಕೆಲವು ಕಡೆ ಬರೀ ಕೈ ಸಾಕು, ಎಲ್ಲೋ ಒಂದೆರಡು ಕಡೆ ಮನುಷ್ಯರೇ ಬೇಡ. ಎಲ್ಲರೂ ಬಲಕ್ಕೇ ನೋಡುತ್ತಿದ್ದಾರಾ? ನೋಟದ ದಿಕ್ಕು ಇಲ್ಲಿ ತುಂಬಾ ಮುಖ್ಯ. ಕಾರ್ಡುಗಳು ಸಾಲಾಗಿ ಬಿದ್ದಾಗ ಒಬ್ಬರು ಇನ್ನೊಬ್ಬರತ್ತ ತಿರುಗಿದ ಹಾಗೆ, ಅಥವಾ ಬೆನ್ನು ಹಾಕಿದ ಹಾಗೆ ಕಾಣುತ್ತದೆ. ಓದುವವರು ಅದನ್ನು ಓದಿಯೇ ಓದುತ್ತಾರೆ. ದೂರದ ದಿಗಂತದ ಗೆರೆಯೂ ಹಾಗೆಯೇ. ಒಂದು ಸೂಟ್‌ನ ಕಾರ್ಡುಗಳಲ್ಲಿ ಅದು ಒಂದೇ ಎತ್ತರದಲ್ಲಿದ್ದರೆ ಪಕ್ಕಪಕ್ಕ ಇಟ್ಟಾಗ ಒಂದೇ ಊರಿನ ಹಾಗೆ ಕೂಡಿಕೊಳ್ಳುತ್ತವೆ.

ತಲೆಕೆಳಗು ಮಾಡಿಯೂ ನೋಡಿ. ಉಲ್ಟಾ ಬಿದ್ದ ಕಾರ್ಡಿಗೆ ಬೇರೆ ಅರ್ಥ ಹೇಳುವವರು ಬಹಳ. ಬಾನಿ ಉಲ್ಟಾ ಆದರೆ ಚೆಲ್ಲುತ್ತದೆ. ಹ್ಯಾಂಗ್ಡ್ ಮ್ಯಾನ್ ಉಲ್ಟಾ ಆದರೆ ನಿಂತುಬಿಡುತ್ತಾನೆ.

ಹಂತ 7: ಆರು ಕಾರ್ಡ್ ಪೂರ್ತಿ ಮಾಡಿ, ತೋರಿಸಿ

ಈಗ ಬಣ್ಣ, ಗೆರೆ, ಶೈಲಿ ತೀರ್ಮಾನಿಸುವ ಹೊತ್ತು. ಒಂದರಿಂದ ಸಾಲಾಗಿ ಹೋಗಬೇಡಿ. ಬೇರೆ ಬೇರೆ ಕಷ್ಟದ ಆರು ಆರಿಸಿ: ಹೈ ಪ್ರೀಸ್ಟೆಸ್‌ನಂಥ ಶಾಂತವಾದದ್ದು, ಟವರ್‌ನಂಥ ಗದ್ದಲದ್ದು, ಒಂದು ಏಸ್, ಫೈವ್ ಆಫ್ ಕಪ್ಸ್, ಒಂದು ಕೋರ್ಟ್ ಕಾರ್ಡ್, ಮತ್ತೆ ಟೆನ್ ಆಫ್ ಪೆಂಟಕಲ್ಸ್. ಈ ಕೊನೆಯದರಲ್ಲಿ ಹತ್ತು ವಸ್ತು ತುರುಕುವುದು ಎಷ್ಟು ಕಷ್ಟ ಅಂತ ಈಗಲೇ ತಿಳಿಯಲಿ.

ಆರನ್ನೂ ನಿಜವಾದ ಅಳತೆಗೆ ಮುದ್ರಿಸಿ ಮೇಜಿನ ಮೇಲೆ ಹರಡಿ, ಎದ್ದು ನಿಂತು ನೋಡಿ. ಒಮ್ಮೆ ಕಪ್ಪು ಬಿಳುಪಿನಲ್ಲೂ ಮುದ್ರಿಸಿ. ಪಾತ್ರ ಹಿನ್ನೆಲೆಯಲ್ಲಿ ಕರಗಿಹೋದರೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ತಿಳಿ ಮತ್ತು ಗಾಢದ ಹಂಚಿಕೆ ಸರಿಯಿಲ್ಲ.

ಆಮೇಲೆ ಹೆಸರು ಮುಚ್ಚಿ ಯಾರಿಗಾದರೂ ತೋರಿಸಿ. 'ಇದರ ಅರ್ಥ ಏನು?' ಅಂತ ಕೇಳಬೇಡಿ, ಜನ ಪರೀಕ್ಷೆಗೆ ಕೂತವರಂತೆ ಬಿಗಿಯಾಗುತ್ತಾರೆ. 'ಇಲ್ಲಿ ಏನು ನಡೀತಿದೆ?' ಅಂತ ಕೇಳಿ. ಅವರು ಹೇಳಿದ್ದನ್ನು ಹಾಗೇ ಬರೆದುಕೊಳ್ಳಿ, ಮಧ್ಯೆ ಬಾಯಿ ಹಾಕಬೇಡಿ. ನಾಲ್ಕು ಜನ ಒಂದೇ ಕಡೆ ದಾರಿ ತಪ್ಪಿದರೆ ಚಿತ್ರ ತಿದ್ದಿ. ಒಬ್ಬರು ಮಾತ್ರ ನೀವು ಯೋಚಿಸದ ಏನನ್ನೋ ಕಂಡರೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಕೈಪಿಡಿಗೆ ಬೇಕಾಗುತ್ತದೆ.

ಉಳಿದ 72ನ್ನೂ ಬೆರೆಸಿ ಬೆರೆಸಿ ಮಾಡಿ. ಇಷ್ಟು ಚಿತ್ರ ಬಿಡಿಸುವಾಗ ಕೈ ಪಳಗುತ್ತದೆ, ಶೈಲಿ ಸರಿಯುತ್ತದೆ. ಮೇಜರ್ ಎಲ್ಲ ಮೊದಲು ಮುಗಿಸಿದರೆ ಡೆಕ್‌ನ ಅತಿ ಮುಖ್ಯ ಕಾರ್ಡುಗಳೇ ಅತಿ ಸಪ್ಪೆ ಆಗಿ ಉಳಿಯುತ್ತವೆ.

ಹಂತ 8: ಅಳತೆ, ಅಂಚು, ಹಿಂಬದಿ

ಹೆಚ್ಚಾಗಿ ಬಳಕೆಯಲ್ಲಿರುವ ಅಳತೆ 70 × 120 ಮಿ.ಮೀ. ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಅಂಚು) ಸೇರಿಸಿದರೆ 76 × 126. 300 ಡಿಪಿಐಯಲ್ಲಿ (ಒಂದು ಇಂಚಿಗೆ 300 ಚುಕ್ಕೆ) ಅದು ಸುಮಾರು 898 × 1488 ಪಿಕ್ಸೆಲ್. ಡಿಜಿಟಲ್‌ನಲ್ಲಿ ಬಿಡಿಸುವುದಾದರೆ 600 ಡಿಪಿಐ ಇಟ್ಟುಕೊಳ್ಳಿ, ಸುಮಾರು 1795 × 2976. ಮುಂದೆ ಪೋಸ್ಟರ್ ಮಾಡಬೇಕೆನಿಸಿದರೂ ಕೆಲಸಕ್ಕೆ ಬರುತ್ತದೆ. ಕಾಗದದ ಮೇಲಾದರೆ ಎರಡರಷ್ಟು ಅಳತೆ ಸರಿ. ಚಿಕ್ಕದು ಮಾಡಿದಾಗ ಗೆರೆಯೂ ಅರ್ಧ ಆಗುತ್ತದೆ ಅನ್ನುವುದು ನೆನಪಿರಲಿ. ಮುಖ್ಯವಾದ ಯಾವುದನ್ನೂ ಕತ್ತರಿಸುವ ಗೆರೆಗೆ 3 ಮಿ.ಮೀ.ಗಿಂತ ಹತ್ತಿರ ಇಡಬೇಡಿ.

ಅಂಚುಪಟ್ಟಿ ಬೇಕಾ ಬೇಡವಾ? ತೆಳು ಅಂಚುಪಟ್ಟಿ ಮಾತ್ರ ಬೇಡವೇ ಬೇಡ. ಕತ್ತರಿಸುವಾಗ ಒಂದು ಮಿಲಿಮೀಟರ್ ಸರಿದರೂ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಗಿ ಎದ್ದು ಕಾಣುತ್ತದೆ. ಇಟ್ಟರೆ ದಪ್ಪ ಇಡಿ, ಇಲ್ಲವೇ ಚಿತ್ರವನ್ನು ಅಂಚಿನವರೆಗೂ ಹರಿಬಿಡಿ. ಹಿಂಬದಿಯ ವಿನ್ಯಾಸವನ್ನು ತಲೆಕೆಳಗು ತಿರುಗಿಸಿದರೂ ಅದೇ ಕಾಣುವಂತೆ ಮಾಡಿ. ಇಲ್ಲದಿದ್ದರೆ ಯಾವ ಕಾರ್ಡ್ ಉಲ್ಟಾ ಇದೆ ಅಂತ ತೆಗೆಯುವ ಮೊದಲೇ ತಿಳಿದುಬಿಡುತ್ತದೆ.

ಹೆಸರು, ಸಂಖ್ಯೆ ಹಾಕುವ ಜಾಗವನ್ನು ಕಚ್ಚಾ ಚಿತ್ರದಲ್ಲೇ ಬಿಟ್ಟುಕೊಳ್ಳಿ. ಸ್ಟ್ರೆಂತ್ ಮತ್ತು ಜಸ್ಟಿಸ್‌ನ ಸಂಖ್ಯೆಯನ್ನೂ ಮೊದಲೇ ತೀರ್ಮಾನಿಸಿ. ಮಾರ್ಸೇ ಡೆಕ್‌ಗಳಲ್ಲಿ ಜಸ್ಟಿಸ್ 8, ಸ್ಟ್ರೆಂತ್ 11. ವೇಟ್ ಅದನ್ನು ಅದಲುಬದಲು ಮಾಡಿದರು. ಎರಡೂ ನಡೆಯುತ್ತದೆ.

ಫೈಲ್‌ಗಳನ್ನು ಮುದ್ರಕರು ಕೇಳುವ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ) ಬಣ್ಣಕ್ಕೆ ಬದಲಿಸಿದಾಗ ಪರದೆಯ ಮೇಲೆ ಹೊಳೆಯುತ್ತಿದ್ದ ನೇರಳೆ, ಕಡುನೀಲಿ, ಗಿಳಿಹಸಿರು ಮಂಕಾಗುತ್ತವೆ. ಬಾನಿಯ ನೀಲಿಯ ಮೇಲೆ ಇಡೀ ಸೂಟ್ ನಿಂತಿದ್ದರೆ ಆ ನೀಲಿಯನ್ನು ಮೊದಲೇ ಮುದ್ರಿಸಿ ನೋಡಿ ಆರಿಸಿಕೊಳ್ಳಿ. ಕಾಗದ 300ರಿಂದ 350 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇದ್ದರೆ ಕಲೆಸಲು ಹದವಾಗಿರುತ್ತದೆ. ಮ್ಯಾಟ್ ಲ್ಯಾಮಿನೇಶನ್‌ನಲ್ಲಿ ಬೆಳಕು ಅಷ್ಟಾಗಿ ಪ್ರತಿಫಲಿಸುವುದಿಲ್ಲ, ಚಿತ್ರ ಚೆನ್ನಾಗಿ ಕಾಣುತ್ತದೆ.

ಹಕ್ಕಿನ ವಿಚಾರ, ಚುಟುಕಾಗಿ

ಸ್ಮಿತ್ ತೀರಿಕೊಂಡಿದ್ದು 1951ರಲ್ಲಿ. ಬ್ರಿಟನ್ನಿನಲ್ಲಿ ಅವರ ಚಿತ್ರಗಳ ಕೃತಿಸ್ವಾಮ್ಯ 2021ರ ಕೊನೆಗೆ ಮುಗಿಯಿತು. ಹಾಗಂತ ಅವನ್ನು ಆಧರಿಸಿ ನಂತರ ಬಂದ ಎಲ್ಲ ಡೆಕ್‌ಗಳೂ ಮುಕ್ತ ಅಂತಲ್ಲ. ಥಾತ್ ಅನ್ನುವ ಇನ್ನೊಂದು ಹೆಸರಾದ ಡೆಕ್ ಚಿತ್ರಿಸಿದ ಫ್ರೀಡಾ ಹ್ಯಾರಿಸ್ ತೀರಿಕೊಂಡಿದ್ದು 1962ರಲ್ಲಿ, ಆ ಲೆಕ್ಕವೇ ಬೇರೆ. ದೇಶದಿಂದ ದೇಶಕ್ಕೆ ನಿಯಮ ಬದಲಾಗುತ್ತದೆ. ಯಾರ ಚಿತ್ರದ ಮೇಲೂ ಗೆರೆ ಎಳೆಯದೆ ನಿಮ್ಮದೇ ದೃಶ್ಯ ಕಟ್ಟಿದ್ದರೆ ಈ ತಲೆನೋವು ಬಹುಮಟ್ಟಿಗೆ ಇರುವುದಿಲ್ಲ.

ಕೈಪಿಡಿ

ಇದನ್ನು ಕೊನೆಗೆ ಬರೆಯಲು ಹೊರಟರೆ ಅರ್ಧ ಯೋಚನೆಗಳು ಮರೆತುಹೋಗಿರುತ್ತವೆ. ಪ್ರತಿ ಕಾರ್ಡ್ ಮುಗಿಸಿದ ದಿನವೇ ನಾಲ್ಕು ಸಾಲು ಬರೆದಿಡಿ: ಚಿತ್ರದಲ್ಲಿ ಏನಾಗುತ್ತಿದೆ, ಯಾವ ವಸ್ತು ಬೇರೆ ಯಾವ ಕಾರ್ಡಿನಲ್ಲಿದೆ, ಉಲ್ಟಾ ಬಿದ್ದರೆ ಏನು, ಹಳೆಯ ಅರ್ಥದಿಂದ ಎಲ್ಲಿ ಬೇರೆಯಾಗಿದೆ. ಸಂಕೇತಗಳ ಪಟ್ಟಿಯ ಮೂರನೇ ಕಾಲಂ ಅನ್ನೂ ಆವತ್ತೇ ತುಂಬಿಸಿ. ಆ ಪಟ್ಟಿಯನ್ನೇ ಕೈಪಿಡಿಯ ಕೊನೆಯ ಪುಟದಲ್ಲಿ ಅಚ್ಚು ಹಾಕಿಸಿ. ಕೆಂಪು ನೂಲು ಎಲ್ಲೆಲ್ಲಿ ಇದೆ ಅಂತ ಹುಡುಕುತ್ತಾ ಕೂರುವ ಓದುಗರು ಖಂಡಿತ ಇರುತ್ತಾರೆ.